ಕರೆಂಟು ಬೇಡದ ಡಬ್ಬಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಾನು ಟ್ರಂಕು ಇಳಿಸಿದ ಸಂಜೆ, ಕೆಳಗಿನ ಬಚ್ಚಲಮನೆಯ ಕಿಂಡಿಯಿಂದ ಮಾವಿನಹಣ್ಣಿನ ವಾಸನೆಯ ಬಿಳಿ ಹೊಗೆ ಹೊರಗೆ ಬಂತು. ಅದು ಜನವರಿ. ಮಾವಿನ ಗಿಡಗಳು ಇನ್ನೂ ಹೂ ಬಿಡುತ್ತಿದ್ದ ಕಾಲ. ಕಟ್ಟಿಗೆಯ ಹೊಗೆಯಾಗಿದ್ದರೆ ಕಣ್ಣು ಉರಿಯಬೇಕಿತ್ತು. ಇದು ಹಾಲಿನ ಹಾಗೆ ದಪ್ಪಗೆ, ಒದ್ದೆಯಾಗಿ ಬಂದು ಗಾಳಿಗೆ ಸಿಕ್ಕಿದ್ದೇ ಇಲ್ಲವಾಗುತ್ತಿತ್ತು. ಒಳಗೆ ಏನೋ ಸುಡುತ್ತಿದೆ ಎಂದು ಹೆದರಿ ನಾನು ಮೆಟ್ಟಿಲಿಳಿದು ಓಡಿದೆ. ಕೆಳಗೆ ಮನೆಯ ಯಜಮಾನರು ದಾರಿಗೆ ಅಡ್ಡ ನಿಂತಿದ್ದರು. ಬಿಳಿ ಧೋತರ, ಹಣೆಯ ತುಂಬ ವಿಭೂತಿ.

"ಏನೂ ಇಲ್ಲವಾ, ಧೂಪ ಹಾಕ್ಯಾರ. ನೀ ಮ್ಯಾಲ ಹೋಗು."

"ಬಚ್ಚಲಮನೇಲಿ ಧೂಪವಾ ಸಾರ್?"

"ನಮ್ಮ ಮನ್ಯಾಗ ಹಂಗ," ಎಂದು ಅವರು ಬೇರೆ ಕಡೆ ನೋಡಿದರು.

ಆ ಊರಿನಲ್ಲಿ ನನಗೆ ಮೊದಲು ಹೇಳಿದ ಸುಳ್ಳು ಅದು. ಅವರು ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ ಎಂಬುದು ಆಗಲೇ ತಿಳಿಯಿತು.

ನಾನು ಕೊಳ್ಳೇಗಾಲದ ಕಡೆಯವಳು. ನಂಜನಗೂಡಿನಲ್ಲಿ ಇನ್ವರ್ಟರ್ ಜೋಡಿಸುವ ಕಾರ್ಖಾನೆಯಲ್ಲಿ ಬ್ಯಾಟರಿ ಪರೀಕ್ಷೆಯ ಕೆಲಸ ಮಾಡುತ್ತಿದ್ದೆ. ಆ ಘಟಕವನ್ನು ಮುಚ್ಚಿ, ಕೆಲಸ ಉಳಿಯಬೇಕೆಂದರೆ ಹುಬ್ಬಳ್ಳಿಯ ತಾರಿಹಾಳಕ್ಕೆ ಹೋಗು ಎಂದರು. ಒಂದೇ ರಾಜ್ಯ, ಒಂದೇ ಭಾಷೆ, ಏನು ಮಹಾ ಎಂದುಕೊಂಡು ರೈಲು ಹತ್ತಿದೆ. ಒಂದೇ ಭಾಷೆ ಎಂಬ ಧೈರ್ಯ ಮೊದಲ ವಾರದಲ್ಲೇ ಕರಗಿತು.

ಮನೆ ಹುಡುಕುವಾಗ ಎಲ್ಲ ಕಡೆ ಒಂದೇ ಪ್ರಶ್ನೆ: "ಒಬ್ಬಾಕಿನ ಇರಾಕೇನ್ರಿ?" ಒಬ್ಬಳೇ ಎಂದರೆ ಖೋಲಿ ಖಾಲಿಯಿಲ್ಲ. ಖೋಲಿ ಎಂದರೆ ಕೋಣೆ. ಕೊನೆಗೆ ಒಪ್ಪಿದವರು ಇವರು, ಶಿವಪ್ಪ ಕಾಕಾ. "ನಮ್ದು ಅರಳಿ ದಂಧೆ" ಎಂದು ಪರಿಚಯ ಹೇಳಿಕೊಂಡಾಗ, ಅರಳಿ ಮರದಲ್ಲಿ ವ್ಯಾಪಾರ ಮಾಡುವಂಥದ್ದು ಏನಿದೆ ಎಂದು ನಾನು ತಲೆ ಕೆಡಿಸಿಕೊಂಡೆ. ಇಲ್ಲಿ ಅರಳಿ ಎಂದರೆ ಬೀಜ ತೆಗೆದ ಹತ್ತಿ. ಅವರದು ಹತ್ತಿಯ ದಲಾಲಿ. ಅವರ ಹೆಂಡತಿ ಗಿರಿಜಾ ಕಾಕು ಮೊದಲ ದಿನ ಊಟಕ್ಕೆ ಕರೆದು "ಹಿಂಡಿ ಹಾಕಲೇನವಾ?" ಎಂದಾಗ ನನ್ನ ಕೈ ತಟ್ಟೆಯ ಮೇಲೆ ನಿಂತೇಬಿಟ್ಟಿತು. ನಮ್ಮೂರಲ್ಲಿ ಹಿಂಡಿ ಹಾಕುವುದು ಎಮ್ಮೆಗೆ. ಇಲ್ಲಿ ಶೇಂಗಾ ಹಿಂಡಿ ಎಂದರೆ ಕಡಲೆಕಾಯಿ ಚಟ್ನಿಪುಡಿ. ರೊಟ್ಟಿಗೆ ಹಚ್ಚಿ, ಮೇಲೆ ಮೊಸರು ಸುರಿದು ತಿಂದ ಮೇಲೆ ಎಮ್ಮೆಯ ನೆನಪು ಹೋಯಿತು.

ಆದರೂ ಭಾನುವಾರಗಳು ದೊಡ್ಡವಾಗಿರುತ್ತಿದ್ದವು. ಕಾರ್ಖಾನೆಯಲ್ಲಿ ನನ್ನ "ಹೋಗ್ಬುಟ್ಟು ಬತ್ತೀನಿ" ಕೇಳಿ ನಗುತ್ತಿದ್ದರು, ಇನ್ನೊಂದು ಸಲ ಹೇಳ್ರಿ ಎನ್ನುತ್ತಿದ್ದರು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೆ ನಾನು ಮಾತು ಕಡಿಮೆ ಮಾಡಿದೆ. ನಮ್ಮಲ್ಲಿ ಮಾತು ಮೆಲ್ಲಗೆ ಉರುಳುತ್ತದೆ. ಇಲ್ಲಿ ರೊಟ್ಟಿ ಬಡಿದ ಹಾಗೆ ಸಪ್ಪಳ ಮಾಡುತ್ತ ಬರುತ್ತದೆ, ಆದರೆ ಪ್ರತಿ ಮಾತಿನ ಕೊನೆಗೂ ಒಂದು 'ರಿ' ಇಟ್ಟು ತಣ್ಣಗೆ ಮಾಡುತ್ತಾರೆ. ಜಗಳವನ್ನೂ 'ರಿ' ಹಚ್ಚಿಯೇ ಆಡುವುದನ್ನು ಬಸ್ಸಿನಲ್ಲಿ ನೋಡಿದೆ.

ಆ ಮಾತನ್ನು ನನಗೆ ಕಲಿಸಿದವರು ಕಾಕು. ಸಂಜೆ ನಾನು ಬಂದ ಕೂಡಲೆ ಪಡಸಾಲೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಎದುರಿಗೆ ಹತ್ತಿಯ ಸಣ್ಣ ಗುಡ್ಡೆ. ಮಾತಾಡುತ್ತಲೇ ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದರು. ಬೆರಳಿಗೆ ಬೂದಿ ತಾಗಿಸಿ ಒಂದು ತಿರುವು ಕೊಟ್ಟರೆ ಬತ್ತಿ ತಯಾರು. "ತ್ರಾಸ ಅಂದ್ರ ಏನು ಹೇಳು?" ಎಂದು ಕೇಳುತ್ತಿದ್ದರು. ತೊಂದರೆ ಎನ್ನುತ್ತಿದ್ದೆ. "ಲಗೂ?" ಬೇಗ. "ಜಳಕ?" ಸ್ನಾನ. ತಪ್ಪು ಹೇಳಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಬಾಯಿ ತೆರೆದು ನಗುವುದನ್ನು ನಾನು ನೋಡಿರಲಿಲ್ಲ. ಮರ್ಯಾದೆಗೆ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ಬಚ್ಚಲಿನ ಧೂಪ ಮಾತ್ರ ದಿನವೂ ಇರುತ್ತಿತ್ತು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಹಲವು ಸಲ. ಕಾಕಾ ಏನೋ ಸೇದುತ್ತಾರೆ, ಹೆಂಡತಿಗೆ ತಿಳಿಯದಿರಲೆಂದು ಬಚ್ಚಲಿಗೆ ಹೋಗುತ್ತಾರೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ.

ಮೇ ತಿಂಗಳ ಒಂದು ಸಂಜೆ ದೂಳೆಬ್ಬಿಸಿಕೊಂಡು ಗಾಳಿ ಬಂತು, ಹಿಂದೆಯೇ ಅಡ್ಡಮಳೆ. ಮಳೆಗಾಲಕ್ಕೆ ಮುಂಚೆ ಬೀಳುವ ಮಳೆಗೆ ಇಲ್ಲಿನ ಹೆಸರು ಅದು. ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಕಾಕು ಮೊಂಬತ್ತಿ ಹಿಡಿದು ನನ್ನ ಖೋಲಿಗೆ ಹತ್ತಿ ಬಂದರು. ಬಾಗಿಲು ಮುಂದೆ ಮಾಡಿ, ಹೂಬತ್ತಿಯ ಚೀಲದಿಂದ ಬೆರಳುದ್ದದ ಕರಿಯ ಕೊಳವೆಯೊಂದನ್ನು ತೆಗೆದರು. ಅದರ ಬುಡದಲ್ಲಿ ಕೆಂಪು ದೀಪ ಮಿನುಗುತ್ತಿತ್ತು.

"ಯವ್ವಾ, ನೀ ಬ್ಯಾಟರಿ ಕೆಲಸದಾಕಿ ಅಲ್ಲ? ಇದು ಯಾಕ ಹಿಂಗ ಮಿಣಕ್ ಮಿಣಕ್ ಅನ್ನಾಕತ್ತೈತಿ, ನೋಡು."

ಅದು ವೇಪ್ ಎಂಬುದು ನೋಡಿದ ಕೂಡಲೆ ತಿಳಿಯಿತು. ಬ್ಯಾಟರಿಯಿಂದ ಸುರುಳಿ ತಂತಿ ಬಿಸಿಯಾಗಿ, ನಿಕೋಟಿನ್ ಬೆರೆಸಿದ ರಸವನ್ನು ಆವಿ ಮಾಡುವ ಯಂತ್ರ. ಅದನ್ನು ಹುಡುಗರ ಕೈಯಲ್ಲಿ ನೋಡಿದ್ದೆ. ಇಳಕಲ್ ಸೀರೆಯ, ಕೊರಳಲ್ಲಿ ಲಿಂಗ ಕಟ್ಟಿಕೊಂಡ, ನನ್ನ ಅವ್ವನಿಗಿಂತ ಹಿರಿಯ ಹೆಂಗಸಿನ ಕೈಯಲ್ಲಿ ನೋಡುತ್ತೇನೆಂದು ಎಣಿಸಿರಲಿಲ್ಲ.

"ಕಾಕೂ, ಇದು ನಿಮ್ಮದಾ?"

"ಮತ್ತ ಯಾರದು? ಅವರು ಅಡಕಿ ಸೈತ ತಿನ್ನೂದಿಲ್ಲ." ಅವರು ನನ್ನ ಹಾಸಿಗೆಯ ಅಂಚಿಗೆ ಕೂತರು. "ನಾ ಇದಕ್ಕ ಊದುಗೊಳವಿ ಅಂತೇನಿ. ನಮ್ಮ ಮನಿಯವರು ಧೂಪ ಅಂತಾರ."

ಆಮೇಲೆ ಮೊಂಬತ್ತಿಯನ್ನು ಹತ್ತಿರ ಹಿಡಿದು, ಬಾಯಿ ತೆರೆದು, ಬೆರಳಿನಿಂದ ಕೆನ್ನೆಯನ್ನು ಹೊರಗೆ ಎಳೆದು ತೋರಿಸಿದರು. ಒಳಗೆ ಸುಣ್ಣ ಬಳಿದಂಥ ಬಿಳಿ ಮಚ್ಚೆ.

ಹುಡುಗಿಯಾಗಿದ್ದಾಗ ಕಾಕುವಿನ ತವರುಮನೆಯ ಮಣ್ಣಿನ ಗೋಡೆ ಮಳೆಗೆ ಕುಸಿದು ಬಿತ್ತು. ಅಕ್ಕ ಅದರ ಕೆಳಗೆ ಸಿಕ್ಕಿ ಸತ್ತರು. ಆ ಮಳೆಗಾಲವೆಲ್ಲ ಇವರಿಗೆ ನಿದ್ದೆಯಿಲ್ಲ, ಊಟವಿಲ್ಲ. ಯಾರೋ ಹಿರಿಯಾಕೆ ಸಮಾಧಾನಕ್ಕೆಂದು ಮಿಸರಿ ಕೊಟ್ಟರು. ಕಲ್ಲುಸಕ್ಕರೆ ಎಂದು ನಾನು ತಿಳಿದೆ. ಅಲ್ಲ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡುತ್ತಾರೆ. ಬೆಳಿಗ್ಗೆ ಹಲ್ಲಿಗೆ ತಿಕ್ಕುತ್ತಾರೆ, ಆಮೇಲೆ ದಿನವಿಡೀ. ಇಲ್ಲಿನ ಎಷ್ಟೋ ಹೆಂಗಸರಿಗೆ ಅದು ಚಹಾದ ಹಾಗೆ. ಕಾಕುವಿಗೆ ಅದು ಅಂದಿನಿಂದ ಅಂಟಿತು. ವರ್ಷಗಳ ಹಿಂದೆ ಈ ಮಚ್ಚೆ ಕಂಡಿತು. ಡಾಕ್ಟರು, ಮಿಸರಿ ಬಿಡದಿದ್ದರೆ ಇದು ಬೇರೆ ರೋಗ ಆದೀತು ಎಂದರು. ಯಾವ ರೋಗ ಎಂದು ಕಾಕು ಕೇಳಲಿಲ್ಲ, ಅವರೂ ಬಾಯಿಬಿಟ್ಟು ಹೇಳಲಿಲ್ಲ. ಬಿಡಲು ಹೋದರೆ ಕೈ ನಡುಕ, ಸಿಟ್ಟು, ಅಳು. ನಿಕೋಟಿನ್ನಿನ ಜಗಿಯುವ ಗೋಲಿ ಕೊಟ್ಟರೆ ಮಚ್ಚೆ ಉರಿಯಿತು. ಮೈಗೆ ಅಂಟಿಸುವ ಪಟ್ಟಿಗೆ ತುರಿಕೆ ಬಂತು. ಕೊನೆಗೆ ಶಾರ್ಜಾದಲ್ಲಿದ್ದ ತಮ್ಮನ ಮಗ ಮಂಜು ರಜೆಗೆ ಬಂದಾಗ ಈ ಕೊಳವೆ ತಂದುಕೊಟ್ಟ. ಮಿಸರಿ ನಿಂತಿತು. ಇದೂ ಒಳ್ಳೆಯದಲ್ಲ, ಇದನ್ನೂ ಮೆಲ್ಲಗೆ ಬಿಡಬೇಕು ಎಂದು ಡಾಕ್ಟರು ಹೇಳಿಯೇ ಇದ್ದರು.

"ಬಿಡ್ತೇನಿ ಅಂತ ಅಂದೇನಿ. ಆದರ ಮಳಿಗಾಲದಾಗ ಬ್ಯಾಡ," ಎಂದರು ಕಾಕು. "ಮಳಿ ಸಪ್ಪಳ ಕೇಳಿದ್ರ ನನ್ನ ಎದಿ ಹೊಡಕೋತೈತಿ. ಕರೆಂಟ್ ಹೋಗಿ ಇದು ಬಂದ್ ಬಿದ್ರ, ನಾ ಮತ್ತ ಮಿಸರಿಗೆ ಹೋಗ್ತೇನಿ. ಹೋದ್ರ ಮುಗೀತು. ನೀ ಏನರ ಮಾಡು."

ಇಂಥದ್ದನ್ನು ಮಾರುವುದು, ಹೊರಗಿನಿಂದ ತರಿಸುವುದು ನಮ್ಮ ದೇಶದಲ್ಲಿ ನಿಷಿದ್ಧ ಎಂದು ಹೇಳಿದೆ. "ಗೊತ್ತೈತಿ," ಎಂದರು. "ತಂಬಾಕದ ಎಲಿ ನಮ್ಮ ಮೂಲಿ ಅಂಗಡ್ಯಾಗ ತೂಗಿ ಕೊಡ್ತಾರ. ಅದೂ ಗೊತ್ತೈತಿ."

ನಾನು ಬೆಳೆದದ್ದು ಕಾವೇರಿಯ ದಂಡೆಯಲ್ಲಿ. ನಮ್ಮಲ್ಲಿ ಪ್ರವಾಹ ಬರುವಾಗ ಮೇಲೆ ಬಿಸಿಲು ಕಾಯುತ್ತಿರುತ್ತದೆ. ಮಳೆ ಬೀಳುವುದು ಎಲ್ಲೋ ಕೊಡಗಿನಲ್ಲಿ, ನೀರು ಬರುವುದು ನಮ್ಮ ಹಿತ್ತಲಿಗೆ. ಡಂಗುರ ಹೊಡೆಯುತ್ತಾರೆ. ಅವ್ವ ರಾಗಿ, ಸೌದೆ, ಬೆಂಕಿಪೊಟ್ಟಣ ಕಟ್ಟಿಕೊಂಡು ಮೇಲಿನ ಶಾಲೆಗೆ ನಡೆಯುತ್ತಿದ್ದಳು. ಇಲ್ಲಿ ನೀರು ತಲೆಯ ಮೇಲೆಯೇ ಬೀಳುತ್ತದೆ, ಊರ ಕೊಳೆನೀರಿನ ನಾಲೆ ತುಂಬಿ ಓಣಿಗೆ ನುಗ್ಗುತ್ತದೆ, ಮುನ್ಸೂಚನೆ ಕೊಡುವವರಿಲ್ಲ. ಆದರೂ ಗಂಟು ಕಟ್ಟುವ ಕೆಲಸ ನನಗೆ ಗೊತ್ತಿತ್ತು. ಒಪ್ಪಿಕೊಂಡೆ. ಆ ಊರಿನಲ್ಲಿ ಯಾರೋ ನನ್ನನ್ನು ಬೇಕೆಂದು ಕೇಳಿದ್ದು ಅದೇ ಮೊದಲು ಎಂಬುದೂ ಒಂದು ಕಾರಣ.

ಮರುದಿನ ಕಾಕು, ಕರೆಂಟಿಲ್ಲದ ದಿನಗಳಿಗೆ ಬೇಕಾದ್ದನ್ನೆಲ್ಲ ಕೂಡಿಡಲೆಂದು, ಉಜ್ಜಿ ಫಳಫಳ ಮಾಡಿದ ಸ್ಟೀಲ್ ಡಬ್ಬಿ ತಂದರು. ಅದು ಬೇಡ ಎಂದೆ. ಬಿಡಿ ಬ್ಯಾಟರಿಯ ಎರಡು ತುದಿ ಲೋಹಕ್ಕೆ ತಾಗಿದರೆ ಕಾದು ಸಿಡಿಯಬಹುದು. ಹಪ್ಪಳ ಇಡುವ ಪ್ಲಾಸ್ಟಿಕ್ ಡಬ್ಬಿ ಆಯ್ದುಕೊಂಡೆವು. ಮಂಜು ಕೊಳವೆಯ ಜೊತೆ ತಂದಿದ್ದ ಬಿಡಿ ಬ್ಯಾಟರಿಗಳಿಗೆ ಒಂದೊಂದಕ್ಕೂ ಬೇರೆ ಪ್ಲಾಸ್ಟಿಕ್ ಕವಚ, ನಡುವೆ ತೇವ ಹೀರುವ ಚೀಲಗಳು. ಪವರ್ ಬ್ಯಾಂಕುಗಳಿಗೆ ವಾರಕ್ಕೊಮ್ಮೆ ಚಾರ್ಜು. ರಸದ ಬಾಟಲಿಗಳನ್ನು ಅದೇ ಡಬ್ಬಿಯಲ್ಲಿಡಲು ನಾನು ಬಿಡಲಿಲ್ಲ. ಓಣಿಯ ಮಕ್ಕಳು ಈ ಮನೆಗೆ ಆಡಲು ಬರುತ್ತಿದ್ದರು. ಹಣ್ಣಿನ ವಾಸನೆಗೆ ಮರುಳಾಗಿ ಮಗು ಒಂದು ಗುಟುಕು ಕುಡಿದರೆ ಜೀವಕ್ಕೇ ಅಪಾಯ. ಅದನ್ನು ಬೀರುವಿನ ಮೇಲಿನ ಅರೆಗೆ ಸೇರಿಸಿ ಕೀಲಿ ಹಾಕಿಸಿದೆ. ಆ ಮಾತು ಕೇಳಿದ ದಿನ ಕಾಕು ಬಾಟಲಿ ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆದರು.

ಕೊಳವೆಯೊಳಗೆ ರಸ ಹೀರಲು ಸುರುಳಿ ತಂತಿಯ ನಡುವೆ ಹತ್ತಿ ಬೇಕು. ಅದಕ್ಕೆ ಕಾಕಾ, ಖಾದಿಯ ಊರು ಗರಗದ ನೂಲುವವರಿಗೆ ತಾವೇ ಕೊಡುವ ಜಯಧರ ತಳಿಯ ಹತ್ತಿ ತಂದರು. "ಪ್ಯಾಟಿ ಅರಳಿಗೆ ಏನೇನೋ ಔಷಧ ಹಾಕಿರ್ತಾರ. ಈಕಿ ಎದಿಯೊಳಗ ಹೋಗೂದು, ಛಲೋದ ಇರಲಿ," ಎಂದರು. ಕಾಕು ಅದನ್ನು ಕುದಿಸಿ, ಒಣಗಿಸಿ, ಹೂಬತ್ತಿ ಹೊಸೆದ ಹಾಗೆಯೇ ಹೊಸೆದು ತಂತಿಯೊಳಗೆ ತೂರಿಸಿದರು. ನನ್ನ ಕೈಗೆ ಬಾರದ ಕೆಲಸ ಅದು.

ಎಲ್ಲ ಸರಿಯಿದೆ ಎನ್ನುವಷ್ಟರಲ್ಲಿ ಒಂದೊಂದೇ ಕೆಡತೊಡಗಿತು. ಮಂಜು ಜೂನಿನಲ್ಲಿ ಬರುವಾಗ ಇನ್ನಷ್ಟು ಬ್ಯಾಟರಿ, ರಸ ತರುತ್ತೇನೆಂದಿದ್ದ. ವಿಮಾನ ನಿಲ್ದಾಣದಲ್ಲಿ ಅವನ ಚೀಲ ಬಿಚ್ಚಿಸಿ ಎಲ್ಲ ತೆಗೆದುಕೊಂಡರು. "ಅತ್ತಿ, ಇನ್ನ ಮ್ಯಾಲೆ ನನ್ನಿಂದ ಆಗೂದಿಲ್ಲ, ಸಿಟ್ಟಾಗಬ್ಯಾಡ್ರಿ" ಎಂದು ಫೋನಿನಲ್ಲಿ ಹೇಳಿದ. ಕಾಕು ಗಾಬರಿಯಾಗಿ ಪೇಟೆಯಲ್ಲಿ ಯಾರಿಂದಲೋ ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಬ್ಯಾಟರಿಗಳನ್ನು ತರಿಸಿದರು. ಮೇಲಿನ ಹೊದಿಕೆ ಹರಿದಿತ್ತು, ಒಂದರ ಬುಡ ಉಬ್ಬಿತ್ತು. ಅವನ್ನು ಮನೆಯಲ್ಲಿ ಒಂದು ಗಳಿಗೆಯೂ ಇಡಬಾರದೆಂದು ನಾನು ಕಾರ್ಖಾನೆಯ ಗುಜರಿಗೆ ಒಯ್ದು ಹಾಕಿದೆ. ಡಬ್ಬಿಯಲ್ಲಿ ಅಷ್ಟು ಜಾಗ ಖಾಲಿ ಉಳಿಯಿತು. ಕಾಕು ಮುಚ್ಚಳ ತೆಗೆದು ಆ ಖಾಲಿ ಜಾಗ ನೋಡಿ ಮುಚ್ಚುತ್ತಿದ್ದರು. ದಿನಕ್ಕೆ ಹಲವು ಸಲ.

ಆ ವರ್ಷದ ಮಳೆ ಜುಲೈ ಕೊನೆಯವರೆಗೆ ಸುಮ್ಮನಿತ್ತು. ಆಕಾಶ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ನಾಲೆಯಿಂದ ಕೊಳೆತ ವಾಸನೆ. ಹಿಂದಿನ ಮನೆಯ ಹಳೆಯ ಗೋಡೆಯಲ್ಲಿ ಬಿರುಕು ಅಗಲವಾಗುತ್ತಿತ್ತು. ಒಂದು ಬೆಳಿಗ್ಗೆ ಕಾಕಾ ಹತ್ತಿಯ ಮಾತಿಗೆಂದು ಗರಗಕ್ಕೆ ಹೊರಟರು. "ಸಂಜಿಗೆ ಬರ್ತೇನಿ," ಎಂದರು. ಕಾಕು ಬಾಗಿಲಲ್ಲಿ ನಿಂತು, "ಇವತ್ತ ಬ್ಯಾಡ್ರಿ, ಮಾಡ ಆಗೇತಿ," ಎಂದರು. ಮಾಡ ಎಂದರೆ ಮೋಡ. ಕಾಕಾ ಛತ್ರಿ ಎತ್ತಿ ತೋರಿಸಿ ನಡೆದರು.

ಮಳೆ ಮಧ್ಯಾಹ್ನಕ್ಕೆ ಹಿಡಿಯಿತು. ನಾನು ಹಿಂದೆಂದೂ ಕೇಳದ ಸದ್ದು ಅದು, ಮೇಲೆ ಯಾರೋ ಕಲ್ಲಿನ ಗಾಡಿ ಓಡಿಸಿದ ಹಾಗೆ. ತಾರಿಹಾಳದಲ್ಲಿ ಕಾರ್ಖಾನೆಯ ಅಂಗಳಕ್ಕೆ ನೀರು ಬಂತೆಂದು ನಮ್ಮನ್ನು ಬೇಗ ಬಿಟ್ಟರು. ನಾನು ಓಣಿಗೆ ಬರುವಾಗ ನೀರು ಮೊಣಕಾಲಿಗಿತ್ತು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಢಮ್ಮೆಂದು ನೀಲಿ ಬೆಳಕು ಚೆಲ್ಲಿ ಸತ್ತಿತು. ಪಡಸಾಲೆಗೆ ನೀರು ನುಗ್ಗಿ, ಮೂಲೆಯಲ್ಲಿದ್ದ ಇನ್ವರ್ಟರಿನ ಬ್ಯಾಟರಿ ಮುಳುಗಿತ್ತು. ಕಾಕು ಸೀರೆ ಎತ್ತಿಕಟ್ಟಿ ಸಾಮಾನು ಮೇಲಕ್ಕೆ ಸಾಗಿಸುತ್ತಿದ್ದರು. ಜಗಲಿಯ ಮೇಲಿನ ದೇವರು, ಅಕ್ಕಿ, ಕಾಗದಪತ್ರ, ನಮ್ಮ ಹಪ್ಪಳದ ಡಬ್ಬಿ. ಕೊನೆಯ ಸಲ ಹತ್ತಿ ಬಂದಾಗ ಅವರ ಕೈಯಲ್ಲಿ ಅಂಗೈಯಗಲದ ಒಂದು ತಗಡಿನ ಡಬ್ಬಿಯಿತ್ತು. ಅದನ್ನು ನಾನು ಮೊದಲು ನೋಡಿರಲಿಲ್ಲ.

"ಅದೇನು ಕಾಕೂ?"

"ಹಳೇದು," ಎಂದಷ್ಟೇ ಹೇಳಿ ಅಕ್ಕಿಯ ಚೀಲದ ಹಿಂದೆ ಇಟ್ಟರು.

ಆ ರಾತ್ರಿ, ಮರುದಿನ ನಾವಿಬ್ಬರೂ ನನ್ನ ಖೋಲಿಯಲ್ಲೇ ಕಳೆದೆವು. ಕಾಕಾ ಬರಲಿಲ್ಲ. ಗರಗದ ದಾರಿಯ ಹಳ್ಳ ರಸ್ತೆಯ ಮೇಲೆ ಹರಿಯುತ್ತಿದೆ, ಯಾವುದೋ ಬಸ್ಸು ನೀರಿನಲ್ಲಿ ಸಿಕ್ಕಿದೆ ಎಂದು ಪಕ್ಕದ ಮಾಳಿಗೆಯಿಂದ ಯಾರೋ ಕೂಗಿ ಹೇಳಿದರು. ಕಾಕಾನ ಫೋನು ಬಂದ್. ಕಾಕುವಿನ ಫೋನು ನೀರಿಗೆ ಬಿದ್ದಿತ್ತು. ನನ್ನದೊಂದೇ ಉಳಿದದ್ದು. ಇಲ್ಲಿ ಫೋನು ಮಾಡುವುದಿಲ್ಲ, ಹಚ್ಚುತ್ತಾರೆ. ನಮ್ಮಲ್ಲಿ ಹಚ್ಚುವುದು ದೀಪ, ಒಲೆ ಮಾತ್ರ. "ಇನ್ನೊಮ್ಮೆ ಹಚ್ಚು, ಇನ್ನೊಮ್ಮೆ ಹಚ್ಚು" ಎಂದು ಕಾಕು ಹೇಳುತ್ತಲೇ ಇದ್ದರು. ನಾನು ಹಚ್ಚಿದೆ. ಪ್ರತಿ ಸಲವೂ ಒಂದೇ ಉತ್ತರ, ಸಂಪರ್ಕಕ್ಕೆ ಸಿಗುತ್ತಿಲ್ಲ.

ನಮ್ಮ ಡಬ್ಬಿ ಮೊದಲ ದಿನ ಚೆನ್ನಾಗಿ ಕೆಲಸ ಮಾಡಿತು. ಆದರೆ ನಾನು ಹಾಕಿದ ಲೆಕ್ಕ ಸಮಾಧಾನದಲ್ಲಿರುವ ಮನುಷ್ಯರದು. ಕಾಕು ಕೊಳವೆಯನ್ನು ಬಾಯಿಂದ ತೆಗೆಯಲೇ ಇಲ್ಲ. ಮಳೆಯ ಸದ್ದು ಏರಿದಾಗ ಎಳೆಯುತ್ತಿದ್ದರು, ಸದ್ದು ಇಳಿದಾಗ ಕಿವಿಗೊಟ್ಟು ಕೂರುತ್ತಿದ್ದರು. ಬಿಡಿ ಬ್ಯಾಟರಿಗಳು ಒಂದೊಂದೇ ಮುಗಿದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಮನೆಯ ಗೋಡೆ ಬಿತ್ತು. ಆ ಮನೆಯವರು ಆಗಲೇ ಬೇರೆ ಕಡೆ ಹೋಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸದ್ದಿಗೆ ಕಾಕು ಎರಡೂ ಕೈಯಿಂದ ಕಿವಿ ಮುಚ್ಚಿ ಗೋಡೆಯಿಂದ ದೂರ, ಖೋಲಿಯ ನಟ್ಟನಡುವೆ ಹೋಗಿ ನಿಂತರು. ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಸಂಜೆಯಾಗುವಷ್ಟರಲ್ಲಿ ಕೊಳವೆಯ ಕೆಂಪು ದೀಪ ಮಿನುಗತೊಡಗಿತು. ನನ್ನ ಫೋನೂ ಕೊನೆಯ ಗೆರೆಗೆ ಬಂದಿತ್ತು. ಉಳಿದ ಒಂದು ಪವರ್ ಬ್ಯಾಂಕಿನಲ್ಲಿ ಒಂದೇ ಒಂದು ಚುಕ್ಕೆ ಬೆಳಕು. ಎರಡಕ್ಕೂ ಸಾಲದು. ನಾನು ಕಾಕುವಿನ ಮುಂದೆ ಮೂರನ್ನೂ ಇಟ್ಟು, ಇರುವುದು ಇಷ್ಟೇ ಎಂದೆ.

ಅವರು ಕೊಳವೆಯನ್ನು ಎತ್ತಿಕೊಂಡರು. ಅಂಗೈಯಲ್ಲಿಟ್ಟು ಹೊರಳಿಸಿದರು. ಆಮೇಲೆ ಹೂಬತ್ತಿಯ ಚೀಲಕ್ಕೆ ಹಾಕಿ ದಾರ ಎಳೆದರು.

"ಫೋನಿಗೆ ಹಾಕವಾ. ಅವರು ಹಚ್ಚಿದಾಗ ಬಂದ್ ಇರಬಾರ್ದು."

ನಾನು ಹಾಕಿದೆ. ಹೊತ್ತು ಸರಿಯಿತು, ಫೋನು ಸದ್ದು ಮಾಡಲಿಲ್ಲ. ಕಾಕು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದರು. ಬೆರಳು ನಡುಗುತ್ತಿದ್ದವು. ಮಾತಾಡಿಸಿದರೆ ಸಿಡುಕಿದರು, ಸಿಡುಕಿದ್ದಕ್ಕೆ ಅತ್ತರು. ಬೆಲ್ಲ ಕೊಟ್ಟೆ, ಏಲಕ್ಕಿ ಕೊಟ್ಟೆ, ಬೆನ್ನು ಸವರಿದೆ. ಹೊರಗೆ ಮಳೆ ಮತ್ತೆ ಜೋರಾಯಿತು. ಅವರು ಅಕ್ಕಿಯ ಚೀಲದ ಹಿಂದೆ ಕೈ ಹಾಕಿದರು.

ನಾನು ಮಣಿಕಟ್ಟು ಹಿಡಿದುಕೊಂಡೆ. "ಬೇಡ ಕಾಕೂ. ಇಷ್ಟು ವರ್ಷ ಬಿಟ್ಟಿದ್ದೀರಿ. ಬೆಳಗಾದರೆ ಎಲ್ಲಾದರೂ ಚಾರ್ಜ್ ಮಾಡಿಸಿಕೊಂಡು ಬತ್ತೀನಿ."

"ಬೆಳಗಾಗೂತನಾ ನಾ ಇರಬೇಕಲ್ಲವಾ," ಎಂದರು ಮೆಲ್ಲಗೆ. "ಕೈ ಬಿಡು. ನೀ ನನ್ನ ಮಗಳಿದ್ದಂಗ, ನಿನ್ನ ಮುಂದ ಜಗ್ಗಾಡಾಕ ನನಗ ನಾಚಿಕಿ ಬರತೈತಿ."

ಕೈ ಬಿಟ್ಟೆ. ಅವರು ಡಬ್ಬಿ ತೆರೆದು, ಕರಿಯ ಪುಡಿಯನ್ನು ತೋರುಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ, ವಸಡಿಗೆ, ಕೆನ್ನೆಯ ಒಳಗಿನ ಆ ಬಿಳಿ ಜಾಗಕ್ಕೆ ತಿಕ್ಕಿದರು. ಸ್ವಲ್ಪ ಹೊತ್ತಿಗೆ ಹೆಗಲು ಇಳಿಯಿತು, ನಡುಕ ನಿಂತಿತು. ಗೋಡೆಗೆ ಒರಗಿ ಕೂತರು. ಗೋಡೆಯ ಭಯವೂ ಹೋಗಿತ್ತು.

"ನೋಡು, ಇದಕ್ಕ ಕರೆಂಟ್ ಬ್ಯಾಡ," ಎಂದರು. ಹೇಳಿ ನಗಲು ನೋಡಿದರು. ಹಲ್ಲೆಲ್ಲ ಕಪ್ಪಾಗಿತ್ತು.

ಫೋನು ಬಂದದ್ದು ಕತ್ತಲಾಗುವ ಮುಂಚೆ. ಗುರುತಿಲ್ಲದ ನಂಬರು, ಕಾಕಾನ ದನಿ. ಗರಗದಲ್ಲಿ ನೇಕಾರರೊಬ್ಬರ ಮನೆಯಲ್ಲಿ ಬೆಚ್ಚಗಿದ್ದರು. ಕಾಕು ಎರಡೂ ಕೈಯಿಂದ ಫೋನು ಹಿಡಿದು, "ಊಟ ಮಾಡೀರಿಲ್ಲೋ?" ಎಂದು ಮೊದಲು ಕೇಳಿದರು. ಮಾತು ಮುಗಿಯುವ ಮುನ್ನವೇ ಫೋನು ಸತ್ತಿತು. ಅದರ ಗಾಜಿನ ಮೇಲೆ ಕಪ್ಪು ಬೆರಳಚ್ಚು ಉಳಿದಿತ್ತು.

ನೀರು ಇಳಿಯಿತು. ಕಾಕಾ ಕೆಸರು ಮೆತ್ತಿಕೊಂಡು ಮರಳಿ ಬಂದರು. ಕರೆಂಟೂ ಬಂತು. ನಾನು ಮೊದಲು ಮಾಡಿದ ಕೆಲಸ ಕೊಳವೆಯನ್ನು ಚಾರ್ಜಿಗೆ ಹಾಕಿದ್ದು. ಕಾಕು ಅದನ್ನು ಒಂದೆರಡು ಸಲ ಎಳೆದು ಇಟ್ಟುಬಿಟ್ಟರು. "ರುಚಿ ಹತ್ತವಲ್ಲದು," ಎಂದರು. ಬಚ್ಚಲಿನ ಕಿಂಡಿಯಿಂದ ಹೊಗೆ ಬರುವುದು ನಿಂತಿತು. ಕಾಕಾ ಒಂದು ಸಂಜೆ ಅದರ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ನನ್ನನ್ನು ಕಂಡು, "ಧೂಪ ಬಂದ್ ಆತಲ್ಲವಾ," ಎಂದರು. ಕಣ್ಣು ತುಂಬಿತ್ತು. ನಾವು ಬೈದೆವು, ಬೇಡಿಕೊಂಡೆವು, ಮಿಸರಿಯ ಡಬ್ಬಿ ಬಚ್ಚಿಟ್ಟೆವು. ಇನ್ನೊಂದು ಡಬ್ಬಿ ಬಂತು.

ದಸರೆಯ ಹೊತ್ತಿಗೆ ಬಿಳಿ ಮಚ್ಚೆಯ ನಡುವೆ ಕೆಂಪಗೆ ಗಂಟು ಕಟ್ಟಿತು. ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮಳೆಯ ಆ ದಿನಗಳಿಂದಲೇ ಹೀಗಾಯಿತು ಎಂದು ಅವರು ಹೇಳಲಿಲ್ಲ. ಒಳಗೆ ಎಂದೋ ಶುರುವಾಗಿದ್ದೀತು ಎಂದರು. ನಾನು ಆ ಮಾತನ್ನು ನಂಬುತ್ತೇನೆ, ಕೆಲವು ದಿನ ನಂಬುವುದಿಲ್ಲ. ಕೆನ್ನೆಯ ಒಳಭಾಗವನ್ನೂ ದವಡೆಯ ಅಂಚನ್ನೂ ತೆಗೆದರು. ಕಾಕು ಬದುಕಿದರು. ಮಿಸರಿ ಹೋಯಿತು, ಕೊಳವೆಯೂ ಹೋಯಿತು. ಜೊತೆಗೆ ಮಾತೂ ಅರ್ಧ ಹೋಯಿತು. ತುಟಿ ಒಂದು ಬದಿಗೆ ಎಳೆದು, ನಾಲಿಗೆ ತಿರುಗದೆ, ಎಲ್ಲ ಅಕ್ಷರಗಳೂ ಒಂದರೊಳಗೊಂದು ಕಲಸಿ ಬರುತ್ತಿದ್ದವು.

ನನಗೆ ಮಾತ್ರ ಅದು ಅರ್ಥವಾಗುತ್ತಿತ್ತು. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತವಳು ನಾನು ಎಂಬುದಕ್ಕಿರಬಹುದು. ಆ ಊರಿನ ಪ್ರತಿ ಮಾತನ್ನೂ ಅವರ ಬಾಯಿಂದಲೇ ಕಲಿತಿದ್ದೆ ಎಂಬುದಕ್ಕೂ ಇರಬಹುದು. ಕಾಯಿಪಲ್ಲೆಯವಳು ನನ್ನ ಮುಖ ನೋಡುತ್ತಿದ್ದಳು. "ಅವ್ವಾರು ಏನಂತಾರ್ರಿ?" "ಮೆಂತೆ ಎಳೇದು ಕೊಡು ಅಂತಾರ, ನಿನ್ನಿದು ಬಲಿತಿತ್ತಂತ." ಕಾಕಾ ಕೂಡ ಕೆಲವೊಮ್ಮೆ ಮೆಟ್ಟಿಲ ಬುಡದಿಂದ ನನ್ನನ್ನು ಕೂಗುತ್ತಿದ್ದರು, ಹೆಂಡತಿಯ ಮಾತು ತಿಳಿಯದೆ, ನಾಚಿಕೊಳ್ಳುತ್ತ. ಕೊಳ್ಳೇಗಾಲದವಳು ಕಮರಿಪೇಟೆಯವರಿಗೆ ಕಮರಿಪೇಟೆಯ ಮಾತು ತಿಳಿಸುವುದನ್ನು ಕೇಳಿ ಯಾರೂ ನಗಲಿಲ್ಲ.

ಈ ವರ್ಷ ನಂಜನಗೂಡಿನ ಘಟಕವನ್ನು ಮತ್ತೆ ತೆರೆಯುತ್ತಿದ್ದಾರೆ. ಬರುವವರು ಬರಬಹುದು ಎಂದಿದ್ದಾರೆ. ನಾನು ರಜೆ ಹಾಕಿ ಊರಿಗೆ ಬಂದೆ. ಅವ್ವ ಸೊಪ್ಪಿನ ಸಾರು, ಮುದ್ದೆ ಮಾಡಿದಳು. ನಾನು "ಛಲೋ ಆಗೇತಿ" ಎಂದೆ. ಅವ್ವ ಸೌಟು ಹಿಡಿದು ಹಾಗೇ ನೋಡಿದಳು. "ಇದ್ಯಾವ ಮಾತು ಕನವ್ವ? ಸಾಕು ಅಲ್ಲಿದ್ದಿದ್ದು. ಬಂದ್ಬುಡು." ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಹೊಳೆಯ ಕಡೆ ಬಿಸಿಲಿತ್ತು. ಕೂತ ನೆಲ ನನ್ನದೇ ಎನ್ನಿಸಿತು, ಕಿವಿ ಮಾತ್ರ ಬೇರೆ ಏನನ್ನೋ ಕಾಯುತ್ತಿತ್ತು.

ಊಟದ ನಡುವೆ ಫೋನು ಬಂತು. ಕೈಗೆ ಮುದ್ದೆ ಮೆತ್ತಿತ್ತು, ಸ್ಪೀಕರಿಗೆ ಹಾಕಿದೆ. ಕಾಕುವಿನ ಒಡೆದ, ಕಲಸಿದ ದನಿ ಅಡುಗೆಮನೆಯ ತುಂಬ ಹರಡಿತು. ಅವ್ವ ಬೆಚ್ಚಿ ಕಿವಿಗೊಟ್ಟಳು.

"ಏನಂದ್ರು ಕನವ್ವ? ಒಂದ್ ಮಾತೂ ತಿಳಿನಿಲ್ಲ."

ಕಾಕು ಹೇಳಿದ್ದು, ಮಾಡ ಆಗೇತಿ, ಮಳಿ ಬರೂದರಾಗ ಮನಿಗೆ ಬಾ ಎಂದು.

"ಉಂಡ್ರಾ ಅಂತ ಕೇಳ್ತಾವ್ರೆ," ಎಂದೆ ಅವ್ವನಿಗೆ.

"ಪಾಪ. ಉಂಡೋ ಅನ್ನು," ಎಂದು ಅವಳು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

ನಾನು ಫೋನಿನ ಹತ್ತಿರ ಬಾಗಿ, "ಬರ್ತೇನ್ರಿ ಕಾಕೂ," ಎಂದೆ. ಫೋನು ಇಡುವಾಗ ಎಲ್ಲರೂ ಹೇಳುವ ಮಾತು ಎಂದು ಅವ್ವ ಅಂದುಕೊಂಡಳು.